ದೋಣಿ ಎಣ್ಣೆ ಬಳಿದ ಕಾಂಟೆಸ್ಸಾ

ನಮ್ಮ ತೋಡೂರಿನ ಕಾಲೊನಿಯಲ್ಲಿ ಈಗ ಓಡಾಡುತ್ತಿರುವ ಕತೆ ಹೀಗಿದೆ. ಚರ್ಚಾಸ್ಪರ್ಧೆಗಳಿಗೆ ಹೋಗಿ ಹೋಗಿ ನಾಲಿಗೆ ಉದ್ದ ಮಾಡಿಕೊಂಡ ಕಿರಿ ಮಗಳು, ಗಂಡನ ಮನೆ ಬಿಟ್ಟು ಬಂದ ಹಿರಿ ಮಗಳ ಜೊತೆ ಸೇರಿ, ಪಾಪದ ಅಪ್ಪನನ್ನು ಮಾತಿನಲ್ಲಿ ಸೋಲಿಸಿ, ಚಿನ್ನದಂಥ ಕಾಂಟೆಸ್ಸಾ ಕಾರನ್ನು ಕೈಬಿಡಿಸಿ ಎರಡು ಡಬ್ಬಾ ಟ್ಯಾಕ್ಸಿ ತರಿಸಿದಳು. ಇಟ್ಟುಕೊಂಡಿದ್ದರೆ ಮುಂದೊಂದು ದಿನ ಕೋಟಿ ಬಾಳುತ್ತಿತ್ತು.

ಕತೆಯಲ್ಲಿ ನನ್ನ ಮಾತಿನ ಶಕ್ತಿಗೆ ಇಷ್ಟೊಂದು ಮರ್ಯಾದೆ ಸಿಕ್ಕಿರುವುದಕ್ಕೆ ಸಂತೋಷವೇ. ಆದರೆ ಅದು ಸುಳ್ಳು. ಆ ವಾದದಲ್ಲಿ ನಾನು ಗೆಲ್ಲಲಿಲ್ಲ. ಕಾಲೇಜಿನಲ್ಲಿ ಯಾವ ವಿಷಯ ಕೊಟ್ಟರೂ ಪರವಾಗಿಯೂ ವಿರೋಧವಾಗಿಯೂ ಮಾತಾಡಿ ಕಪ್ ಗೆದ್ದು ತಂದವಳು ನಾನು. ಮನೆಯ ಅಂಗಳದಲ್ಲಿ ಅಪ್ಪನೆದುರು ಒಂದು ಸುತ್ತೂ ದಾಟಲಿಲ್ಲ. ಅಲ್ಲಿ ಗಂಟೆ ಬಾರಿಸುವವನೂ ಅಪ್ಪ, ತೀರ್ಪು ಕೊಡುವವನೂ ಅಪ್ಪ. ಇನ್ನು ಆ ಕೋಟಿಯ ಮಾತು. ಅದನ್ನು ಹೇಳುವವರಲ್ಲಿ ಒಬ್ಬರೂ ಕಾರಿನ ಅಡಿಗೆ ತಲೆ ಹಾಕಿ ನೋಡಿದವರಲ್ಲ.

ನಮ್ಮ ಗದ್ದೆ ನೌಕಾನೆಲೆಯ ಬೇಲಿಯೊಳಗೆ ಹೋದದ್ದು ನಾನು ಹುಟ್ಟುವ ಮೊದಲು. ಪರಿಹಾರದ ಹಣ ಕಂತುಕಂತಾಗಿ ಬಂತು. ಮೊದಲು ಬಂದದ್ದು, ನೆಲ ಬಿಟ್ಟವರಿಗೆಂದು ಎದ್ದ ಈ ಕಾಲೊನಿಯ ಮನೆಗೆ ಹೋಯಿತು. ಕೋರ್ಟಿನಿಂದ ಕೊನೆಗೆ ಬಂದದ್ದರಲ್ಲಿ ಅಪ್ಪ ಒಂದು ಸೆಕೆಂಡ್ ಹ್ಯಾಂಡ್ ಕಾಂಟೆಸ್ಸಾ ತಂದು ಅಂಗಳದಲ್ಲಿ ನಿಲ್ಲಿಸಿದ. ಅಪ್ಪ ಆಗ ಕಾರವಾರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ, ಸೈಕಲ್ ಬಿಟ್ಟು ಬೇರೇನೂ ಓಡಿಸಿ ಗೊತ್ತಿರಲಿಲ್ಲ. ಉದ್ದನೆ ಬಾನೆಟ್ಟು, ಪೈಲ್ವಾನನ ಭುಜದಂಥ ಬದಿಗಳು, ಮುಂದೆ ಜೋಡಿ ಜೋಡಿ ದುಂಡು ದೀಪ. ಈಗಿನ ಹುಡುಗರು ಮೊಬೈಲಿನಲ್ಲಿ ಅದನ್ನು ನಮ್ಮ ದೇಶದ ಮಸಲ್ ಕಾರು ಎನ್ನುತ್ತಾರೆ.

"ಅದು ಕಾರಲ್ಲ ಮಗಾ. ನಮ್ಮ ಗದ್ದೆ. ಗದ್ದೆಗೆ ಚಕ್ರ ಬಂದದೆ, ಅಷ್ಟೇ," ಎನ್ನುತ್ತಿದ್ದ ಅಪ್ಪ.

ಒಳಗಿನಿಂದ ನಮ್ಮಮ್ಮ ಆಯಿ, "ಆ ಗದ್ದೆ ಅನ್ನ ಹಾಕ್ತಿತ್ತು. ಈ ಗದ್ದೆಗೆ ನಾವೇ ಹಾಕ್ಬೇಕು, ಪೆಟ್ರೋಲು," ಎನ್ನುತ್ತಿದ್ದಳು.

ತೋಡೂರಿನಿಂದ ಹಿಡಿದು ಹಾರವಾಡ, ಹಟ್ಟಿಕೇರಿಯವರೆಗೆ ಎಷ್ಟೋ ಮದುಮಕ್ಕಳು ಆ ಕಾರಿನಲ್ಲೇ ಮಂಟಪಕ್ಕೆ ಹೋದವರು. ಅಪ್ಪ ಬಾಡಿಗೆ ಮುಟ್ಟುತ್ತಿರಲಿಲ್ಲ. ಮದುವೆ ಮನೆಯವರು ಬಂದು ತೆಂಗಿನಕಾಯಿ, ವೀಳ್ಯದೆಲೆ ಕೊಟ್ಟು ಕರೆಯಬೇಕು, ಬಾನೆಟ್ಟಿಗೊಂದು ಅಬ್ಬಲಿಗೆ ಹೂವಿನ ಮಾಲೆ ಹಾಕಬೇಕು. ನನ್ನ ಅಕ್ಕ ಗಂಡನ ಮನೆಗೆ ಹೋದದ್ದೂ ಅದರಲ್ಲೇ. ವಾಪಸು ಬಂದದ್ದು ರೈಲಿನಲ್ಲಿ, ಒಬ್ಬಳೇ. ಕಾರಣ ಅವಳದು, ಇಲ್ಲಿ ಬರೆಯುವುದಿಲ್ಲ.

ಅಕ್ಕ ಡ್ರೈವಿಂಗ್ ಕಲಿತದ್ದು ಆ ಕಾಂಟೆಸ್ಸಾದಲ್ಲಿ, ಅಪ್ಪನಿಗಿಂತ ಮೊದಲು, ಅಪ್ಪನಿಗಿಂತ ಚೆನ್ನಾಗಿ. ವಾಪಸು ಬಂದ ಮೇಲೆ ಅಂಕೋಲೆಯಲ್ಲಿ ಬೇರೊಬ್ಬರ ಸ್ಕೂಲ್ ವ್ಯಾನು ಓಡಿಸುತ್ತಿದ್ದಳು. ಮಾಲೀಕ ವ್ಯಾನು ಮಾರುತ್ತೇನೆ, ಬೇಸಿಗೆ ರಜೆಯವರೆಗೆ ಮಾತ್ರ ಕೆಲಸ ಎಂದ. ಅವತ್ತು ಊಟಕ್ಕೆ ಕೂತಾಗ ಅಕ್ಕ ತನ್ನ ಲೆಕ್ಕ ಹೇಳಿದಳು. ಕಾಂಟೆಸ್ಸಾ ಕೊಟ್ಟು ಹಳದಿ ಬೋರ್ಡಿನ ಎರಡು ಹೊಸ ಕಾಲದ ಕಾರು ತಗೊಳ್ಳುವುದು. ಒಂದನ್ನು ತಾನು ಓಡಿಸುವುದು, ಇನ್ನೊಂದಕ್ಕೆ ಡ್ರೈವರ್ ಇಡುವುದು.

"ಒಂದು ಸಾಕಲ್ವಾ?" ಎಂದಳು ಆಯಿ.

"ಒಂದಿದ್ರೆ ನಾ ಡ್ರೈವರು. ಎರಡಿದ್ರೆ ಮಾಲೀಕಿ. ಇನ್ನೊಬ್ರು ಗಾಡಿ ಮಾರ್ತೆ ಅಂದ ಕೂಡ್ಲೇ ಮನೇಲಿ ಕೂರೂದು ನಂಗೆ ಸಾಕಾಗ್ಯದೆ."

ಅಪ್ಪ ಮೀನಿನ ಮುಳ್ಳು ಬಿಡಿಸುತ್ತ, "ಗದ್ದೆ ಮಾರೂದಿಲ್ಲ," ಎಂದ.

ಅಲ್ಲಿಂದ ನನ್ನ ವಾದ ಶುರು. ಹಳೆಯ ಕಾರಿನ ಬೆಲೆ ಏರುತ್ತದೆ, ಅದೇ ನಿಜವಾದ ಹೂಡಿಕೆ ಎಂದು ಅಪ್ಪ ಯಾರಿಂದಲೋ ಕೇಳಿ ಬಂದಿದ್ದ. ನಾನು ಕೇಳಿದೆ: ಬೆಲೆ ಏರಬೇಕಾದರೆ ಒಣ ಜಾಗ ಬೇಕು, ಸೂರು ಬೇಕು, ಬಿಡಿಭಾಗ ಬೇಕು, ಕಡಲಿನ ಉಪ್ಪುಗಾಳಿಗೆ ಮನೆಯ ಕಿಟಕಿ ಸರಳೇ ಉದುರುವ ಊರಲ್ಲಿ ಅದು ಏರುವುದು ಹೇಗೆ? ಹೊಸ ಕಾರಿನ ಬೆಲೆ ಇಳಿಯುತ್ತದೆ, ಒಪ್ಪಿದೆ. ಆದರೆ ಇಳಿಯುತ್ತ ಇಳಿಯುತ್ತ ದುಡಿಯುತ್ತದೆ. ನಿಂತಲ್ಲೇ ನಿಂತದ್ದನ್ನು ಹೂಡಿಕೆ ಎನ್ನುವುದಾದರೆ ನಮ್ಮ ಬಾವಿಕಟ್ಟೆಯೂ ಹೂಡಿಕೆಯೇ.

ಅಪ್ಪ ಪೂರ್ತಿ ಕೇಳಿದ. ಆಮೇಲೆ, "ಟ್ಯಾಕ್ಸಿ ಬೇಕಾದ್ರೆ ಇದಕ್ಕೇ ಹಳದಿ ಬೋರ್ಡು ಹಾಕು," ಎಂದು ಎದ್ದು ಹೋದ.

"ಅಂಕೋಲೆಗೆ ಹೋಗಿ ಬರೂದ್ರೊಳಗೆ ಗಿರಾಕಿ ಕೊಡೂದಕ್ಕಿಂತ ಹೆಚ್ಚು ಪೆಟ್ರೋಲು ಇದೇ ಕುಡೀತದೆ," ಎಂದಳು ಅಕ್ಕ. ಅಪ್ಪ ಅಂಗಳಕ್ಕಿಳಿದು ನೀರು ಹೊಯ್ದು ಕಾರು ತೊಳೆಯತೊಡಗಿದ. ಎದುರಾಳಿ ಉತ್ತರ ಕೊಡದೆ ಕಾರು ತೊಳೆದರೆ ಏನು ಮಾಡಬೇಕೆಂದು ನಮಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ವಾದ ಮುರಿದದ್ದು ನನ್ನಿಂದಲ್ಲ, ಎಣ್ಣೆಯಿಂದ.

ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಹಾರವಾಡದ ದಂಡೆಯಲ್ಲಿ ದೋಣಿಗಳನ್ನು ಮೇಲೆಳೆದು, ಮರಕ್ಕೆ ಎಣ್ಣೆ ಕುಡಿಸಿ, ಸಂದುಗಳಿಗೆ ಹತ್ತಿ ತುರುಕಿ ರಾಳ ಬಳಿದು ನೀರು ಬರದಂತೆ ಮಾಡುತ್ತಾರೆ. ಕಾರು ಬಂದ ಹೊಸತರಲ್ಲೇ ಅಪ್ಪ ಅದನ್ನು ನೋಡಿದ್ದ. ಅಂಗಳದ ಕಾರೂ ಉಪ್ಪುಗಾಳಿಯಲ್ಲೇ ನಿಲ್ಲುವುದಲ್ಲವೇ? ಒಂದು ಡಬ್ಬಿ ಮೀನೆಣ್ಣೆ ತಂದು, ಕಾಂಟೆಸ್ಸಾವನ್ನು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿ, ಗೋಣಿ ಹಾಸಿ ಕೆಳಗೆ ನುಸುಳಿ, ಅಡಿಭಾಗಕ್ಕೆಲ್ಲ ದೋಣಿಯಂತೆಯೇ ಬಳಿದ. ಮಳೆಗಾಲದ ಮೊದಲ ತಿಂಗಳು ನಮ್ಮ ಮನೆಯ ಮುಂದೆ ಕಾಲೊನಿಯ ಬೆಕ್ಕುಗಳೆಲ್ಲ ಕಾರಿನ ಕೆಳಗೆ ಸಭೆ ಸೇರುತ್ತಿದ್ದವು. ಬಾಗಿಲುಗಳ ತಳದಲ್ಲೂ, ಬಾಗಿಲ ಕೆಳಗಿನ ಉದ್ದನೆಯ ಟೊಳ್ಳು ಪಟ್ಟಿಗಳಲ್ಲೂ ಅಪ್ಪನಿಗೆ ಸಣ್ಣ ಸಣ್ಣ ತೂತುಗಳು ಕಂಡವು. ಹತ್ತಿ ತುರುಕಿ ರಾಳ ಬಳಿದ. ಒಂದನ್ನೂ ಬಿಡಲಿಲ್ಲ. ವರ್ಷ ವರ್ಷವೂ ತಪ್ಪಿಸಲಿಲ್ಲ.

ಈ ವಾದದ ನಡುವೆ, ಹಳೆಯ ಕಾರು ಸಂಗ್ರಹಿಸುವ ಗೋವೆಯ ಒಬ್ಬರಿಗೆ ನಾನೇ ಫೋಟೋ ಕಳಿಸಿ ಬರಹೇಳಿದ್ದೆ. ಬೆಲೆ ಎಷ್ಟೆಂದು ತಿಳಿಯಲಿ, ಅಷ್ಟಾದರೂ ಸಾಕ್ಷ್ಯ ಕೈಯಲ್ಲಿರಲಿ ಎಂದು. ಅಪ್ಪ ಅವರನ್ನು ಬರಮಾಡಿಕೊಂಡದ್ದು ಕಾರು ಮಾರಲಿಕ್ಕಲ್ಲ, ಮೆರೆಸಲಿಕ್ಕೆ. "ಅಡಿ ನೋಡಿ, ಅಡಿ. ಒಂದು ತೂತಿಲ್ಲ," ಎಂದ.

ಅವರು ಬಗ್ಗಿ ನೋಡಿದರು. ಸ್ಕ್ರೂಡ್ರೈವರ್ ತೆಗೆದು ಬಾಗಿಲ ಕೆಳಗಿನ ಪಟ್ಟಿಗೆ ಮೆಲ್ಲಗೆ ಒತ್ತಿದರು. ಅದು ಹಪ್ಪಳದಂತೆ ಒಳಗೆ ಹೋಯಿತು. ಎಳೆದಾಗ ಕಂದು ನೀರು ಸುರಿಯತೊಡಗಿತು. ಅದು ಬೇಸಿಗೆ. ಮಳೆ ನಿಂತು ತಿಂಗಳುಗಳೇ ಆಗಿದ್ದವು.

"ಹೆಂ ಕೋಣೆಂ ಕೆಲ್ಲೆಂ?" ಎಂದರು ಕೊಂಕಣಿಯಲ್ಲಿ. ಇದನ್ನು ಮಾಡಿದ್ದು ಯಾರು?

"ನಾನೇ. ತೂತು ಬಿಟ್ರೆ ನೀರು ಒಳಗೆ ಬರೂದಿಲ್ವಾ?"

"ನೀರು ಮೇಲಿಂದ ಬಂದೇ ಬರ್ತದೆ, ಗಾಜಿನ ಸಂದಿಯಿಂದ. ಹೊರಗೆ ಹೋಗಲಿಕ್ಕೆ ಅಂತ ಆ ತೂತು ಇಡೂದು. ನೀವು ದಾರಿ ಮುಚ್ಚಿದ್ರಿ."

ಅಪ್ಪ ಆ ನೀರು ಪೂರ್ತಿ ಬರಿದಾಗುವವರೆಗೆ ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ. ಬಂದವರು ಹೇಳಿದ ಬೆಲೆ ಫೋನಿನಲ್ಲಿ ಹೇಳಿದ್ದರ ಅರ್ಧಕ್ಕೂ ಬರಲಿಲ್ಲ. ನನ್ನ ಬಾಯಲ್ಲಿ ಆಗ ಎಷ್ಟು ಒಳ್ಳೆಯ ವಾಕ್ಯಗಳಿದ್ದವು! ಒಂದನ್ನೂ ಆಡಲಿಲ್ಲ. ಅಕ್ಕ ಅಪ್ಪನ ಪಕ್ಕ ಹೋಗಿ ತಾನೂ ಕುಕ್ಕರಗಾಲಲ್ಲಿ ಕೂತಳು.

"ಅಪ್ಪಾ, ಬರೂ ಮಳೆಗೆ ಇದು ಇನ್ನೂ ಹಾಳಾಗ್ತದೆ. ಇವತ್ತು ಕೊಟ್ರೆ ಎರಡು ಗಾಡಿ ಬರಬಹುದು. ಬರೂ ವರ್ಷ ಒಂದೂ ಇಲ್ಲ. ನಾ ಕೇಳೂದು ಇಷ್ಟೇ, ಇವತ್ತು ನಿಂಗೆ ಯಾವುದು ಬೇಕು?"

"ಗೋವೆಯವ್ರಿಗೆ ಕೊಡೂದಿಲ್ಲ. ಗಾಜಿನೊಳಗೆ ಇಟ್ಟು ನೋಡ್ತ್ರು. ಓಡಿಸುವವ್ರಿಗೆ ಕೊಡ್ತೆ," ಎಂದ ಅಪ್ಪ.

ಅಂಕೋಲೆಯಲ್ಲಿ ಹೆದ್ದಾರಿ ಪಕ್ಕ ಹಳೆ ಕಾರು ತಗೊಂಡು ಬೇರೆ ಕಾರು ಕೊಡುವ ವ್ಯಾಪಾರಿ ಒಬ್ಬರಿದ್ದರು. ಮದುವೆಗೆ ಹಳೆ ಕಾರು ಬಾಡಿಗೆ ಕೊಡುವವರು ಘಟ್ಟದ ಮೇಲಿನಿಂದ ಅವರ ಹತ್ತಿರ ಕೊಳ್ಳಲು ಬರುತ್ತಾರೆಂದು ಅಕ್ಕ ತಿಳಿದುಕೊಂಡಿದ್ದಳು. ಮರುವಾರ ಮೂವರೂ ಹೋದೆವು. ಕಾಂಟೆಸ್ಸಾ ಓಡಿಸಿದ್ದು ಅಕ್ಕ. ದಾರಿಯಲ್ಲಿ ನಾನು ಅಪ್ಪನಿಗೆ ಪಾಠ ಹೇಳಿಕೊಟ್ಟೆ: ಅವರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಪರೀಕ್ಷೆ ಮಾಡುವುದು ಅವರ ಕೆಲಸ. ಎದುರಾಳಿಯ ಅಂಶವನ್ನು ನಾವೇ ಎತ್ತಿಕೊಡಬಾರದು.

ವ್ಯಾಪಾರಿ ಕಾರಿನ ಸುತ್ತ ಬಂದರು, ಬಾನೆಟ್ಟು ಸವರಿದರು, ಎಂಜಿನ್ ಸದ್ದು ಕೇಳಿ ಕಣ್ಣು ಅರಳಿಸಿದರು. ಎದುರಿಗೆ ನಿಂತಿದ್ದ ಎರಡು ಬಿಳಿ ಸೆಡಾನ್ ತೋರಿಸಿ, "ಇದಕ್ಕೆ ಅವೆರಡು. ಸರಿಯಾ?" ಎಂದರು.

ಅಕ್ಕ ಬಾಯಿ ತೆರೆಯುವ ಮೊದಲೇ ಅಪ್ಪ, "ಅಡಿ ನೋಡ್ಲಿಲ್ಲ ನೀವು," ಎಂದ. ಬದಿ ತುಕ್ಕು ಹಿಡಿದು ಹೋಗ್ಯದೆ, ತೂತು ನಾನೇ ಮುಚ್ಚಿದ್ದು ಎಂದು ಎಲ್ಲ ಹೇಳಿದ.

ಅಪ್ಪ ಸತ್ಯವಂತ, ಆದ್ದರಿಂದ ಹೇಳಿದ ಎಂದು ಕಾಲೊನಿಯವರು ಈ ಭಾಗವನ್ನು ಕೈ ಮುಗಿದು ಹೇಳುತ್ತಾರೆ. ನನಗೆ ಅನುಮಾನ. ಹೇಳುವಾಗ ಅಪ್ಪನ ಮುಖದಲ್ಲಿ ಆಸೆ ಇತ್ತು. ವ್ಯಾಪಾರ ಮುರಿಯಲಿ, ಕಾಂಟೆಸ್ಸಾ ಮನೆಗೆ ಬರಲಿ ಎಂಬ ಆಸೆ. ಎರಡೂ ನಿಜವಿರಬಹುದು, ಒಪ್ಪುತ್ತೇನೆ; ಆದರೆ ಒಂದನ್ನೇ ಹೇಳಿ ಇನ್ನೊಂದನ್ನು ಬಿಡುವುದು ನ್ಯಾಯವಲ್ಲ.

ವ್ಯಾಪಾರಿ ಹಿಂದೆ ಸರಿದರು. "ಹಂಗಾದ್ರೆ ಒಂದೇ ಗಾಡಿ ನೋಡಿ."

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಬೈಲ್ ದೀಪ ಹಚ್ಚಿ, ಗಾಡಿಯಲ್ಲಿದ್ದ ಸ್ಕ್ರೂಡ್ರೈವರ್ ತಗೊಂಡು, ಮಣ್ಣಲ್ಲೇ ಅಂಗಾತ ಮಲಗಿ ಕಾರಿನ ಕೆಳಗೆ ಹೋದಳು. ಒಳಗಿನಿಂದ ದನಿ ಬಂತು: "ಅಲ್ಲೇ ನಿಂತ್ರೆ ಎಂತ ಕಾಣ್ತದೆ? ಬನ್ನಿ, ನೀವೂ ಬನ್ನಿ."

"ನಾ ಎಂತಕೆ ತಂಗಿ, ಬಿಳಿ ಅಂಗಿ ಹಾಕಂಡಿದ್ದೆ."

"ನಾ ಸೀರೆ ಉಟ್ಟಂಡೇ ಬಂದಿದ್ದೆ."

ಅವರು ಬಂದು ಮಲಗಲೇಬೇಕಾಯಿತು. ಅಕ್ಕ ಒಂದೊಂದೇ ಕಡೆ ಸ್ಕ್ರೂಡ್ರೈವರ್ ಹಿಡಿಯಿಂದ ಬಡಿದು ಸದ್ದು ಕೇಳಿಸಿದಳು. "ಇದು ಹೋಗ್ಯದೆ, ನಾನೇ ಹೇಳ್ತೆ. ಇದೂ ಹೋಗ್ಯದೆ. ಈಗ ಇದು ಕೇಳಿ. ಇಡೀ ಗಾಡಿ ನಿಂತದ್ದು ಇದ್ರ ಮೇಲೆ. ಗಂಟೆ ಹೊಡ್ದಂಗೆ ಇಲ್ವಾ? ಇಷ್ಟು ವರ್ಷ ಕಡಲ ಬದಿಗೆ ನಿಂತ ಬೇರೆ ಯಾವ ಗಾಡಿ ಅಡಿ ಹಿಂಗೆ ಅದೆ, ತೋರ್ಸಿ. ಅಪ್ಪನ ರಾಳ ಬದಿ ತಿಂದದೆ, ಎಣ್ಣೆ ಬೆನ್ನು ಉಳಿಸ್ಯದೆ. ಬದಿಗೆ ತಗಡು ಹೊಡೆಸ್ಬಹುದು. ಬೆನ್ನು ಎಲ್ಲಿಂದ ತರ್ತ್ರಿ?"

ಹೊರಗೆ ನಿಂತ ಅಪ್ಪ ಅದನ್ನು ಕೇಳಿಸಿಕೊಂಡ. ತಾನು ಮಾಡಿದ್ದೆಲ್ಲ ಹಾಳಾಗಿಲ್ಲ ಎಂದು ಆ ವಾರದಲ್ಲಿ ಅವನಿಗೆ ಮೊದಲ ಸಲ ಹೇಳಿದ್ದು, ಆ ಕಾರನ್ನು ಕೊಡಲೇಬೇಕೆಂದು ಹಟ ಹಿಡಿದ ಮಗಳು.

ಮಧ್ಯಾಹ್ನದವರೆಗೆ ಎಳೆದಾಡಿ ಒಂದು ಬಿಳಿ ಸೆಡಾನು, ಜೊತೆಗೆ ಬಾಗಿಲು ನೆಗ್ಗಿದ, ಅದಕ್ಕಿಂತ ಹಳೆಯ ಇನ್ನೊಂದು, ಹೀಗೆ ಎರಡಕ್ಕೆ ನಿಂತಿತು. ಕೀಲಿ ಕೊಡುವಾಗ ಅಪ್ಪ ಮುಷ್ಟಿ ಬಿಗಿ ಮಾಡಿದ. "ತೆಂಗಿನಕಾಯಿ ಕೊಡದೆ ಇದು ಯಾರ ಮನೆಗೂ ಹೋಗಿಲ್ಲ." ವ್ಯಾಪಾರಿ ನಗಲಿಲ್ಲ. ಅಂಗಿಯ ಮಣ್ಣು ಕೊಡವುತ್ತ ಪಕ್ಕದ ಅಂಗಡಿಗೆ ಹೋಗಿ ಕಾಯಿ, ಎಲೆ, ಅಡಿಕೆ ತಂದರು. ಅಪ್ಪ ತಗೊಂಡು ಕೀಲಿ ಕೊಟ್ಟ.

ಇದಿಷ್ಟು ನಡೆದದ್ದು. ಈಗ ಎರಡೂ ಗಾಡಿ ಓಡುತ್ತಿವೆ. ನೆಗ್ಗಿದ ಬಾಗಿಲಿನದನ್ನು ಹಟ್ಟಿಕೇರಿಯ ಒಬ್ಬರು ಓಡಿಸುತ್ತಾರೆ; ಬಿಳಿಯದು ಅಕ್ಕನದು. ಕಾರವಾರದ ರೈಲು ನಿಲ್ದಾಣದಲ್ಲಿ ಇಳಿದ ಹೊರ ಊರಿನವರು, ಹೆಂಗಸರು, ಮಕ್ಕಳಿದ್ದವರು ಅವಳನ್ನೇ ಹುಡುಕಿ ಬರುತ್ತಾರೆ. ನಮ್ಮ ಕಾಲೊನಿಯವರು ಮಾತ್ರ ಬರುವುದಿಲ್ಲ. ಆಸ್ಪತ್ರೆಗೆ, ಮದುವೆಗೆ, ಕೋರ್ಟಿಗೆ ಬೇರೆ ಗಾಡಿ ಕರೆಸುತ್ತಾರೆ. ಯಾಕೆಂದು ಪಕ್ಕದ ಮನೆಯ ಮಾಮನನ್ನು ನೇರ ಕೇಳಿಬಿಟ್ಟೆ.

"ಅಲ್ಲ ತಂಗಿ, ಅವಳ ಅಪ್ಪನೇ ಹತ್ತೂದಿಲ್ಲ. ನಾವು ಹೆಂಗೆ ಹತ್ತೂದು?"

ಇದಕ್ಕೆ ಮಾತ್ರ ನನ್ನ ಬಳಿ ಖಂಡನೆ ಇಲ್ಲ, ಯಾಕೆಂದರೆ ನಿಜ. ಅಪ್ಪ ಎಲ್ಲರಿಗೂ ಮಗಳ ಗಾಡಿಗಳ ಸುದ್ದಿ ಹೇಳುತ್ತಾನೆ, ಟಯರು ಯಾವಾಗ ಬದಲಿಸಬೇಕೆಂದು ಅವಳಿಗೆ ನೆನಪಿಸುತ್ತಾನೆ. ಕಾರವಾರಕ್ಕೆ ಹೋಗುವುದು ಮಾತ್ರ ಬಸ್ಸಿನಲ್ಲಿ. ಅಕ್ಕ ಗಾಡಿ ನಿಲ್ಲಿಸಿದರೆ, "ನಿನ್ನ ಬಾಡಿಗೆ ಹೊತ್ತು ಹಾಳಾಗ್ತದೆ, ಹೋಗು," ಎಂದು ಕೈ ಬೀಸುತ್ತಾನೆ. ಅವಳು ಹೋಗುತ್ತಾಳೆ. ಮತ್ತೆ ಮರುವಾರ ನಿಲ್ಲಿಸುತ್ತಾಳೆ. ನಿಲ್ಲಿಸುವುದನ್ನು ಅವಳು ಬಿಡುವುದಿಲ್ಲ, ನನಗೆ ಗೊತ್ತು.

ಮೊನ್ನೆ ನಾನೂ ಅಪ್ಪನ ಜೊತೆ ಹೆದ್ದಾರಿಯ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಅಕ್ಕನ ಗಾಡಿ ಬಂತು, ಖಾಲಿ, ಕಾರವಾರದ ಕಡೆಗೇ ಹೊರಟದ್ದು. ಎಡಗಡೆಯ ಬಾಗಿಲು ಒಳಗಿನಿಂದ ತೆರೆದುಕೊಂಡಿತು. ಅಪ್ಪ ಬಸ್ಸು ಬರುವ ದಿಕ್ಕಿಗೆ ಮುಖ ಮಾಡಿ ನಿಂತ. ಅಂಗಡಿ ಕಟ್ಟೆಯ ಮೇಲೆ ಕಾಲೊನಿಯ ನಾಲ್ಕು ಜನ ಕೂತಿದ್ದರು. ಅವರಿಗೂ ಕೇಳಲಿ ಎಂದೇ ನಾನು ಕೇಳಿದೆ:

"ಅಪ್ಪಾ, ಈ ಟ್ಯಾಕ್ಸಿ ಸ್ಟೇರಿಂಗ್ ಹಿಡ್ದು ಕೂತದ್ದು ನಿನ್ನ ಮಗಳಲ್ಲದೆ ಮಗ ಆಗಿದ್ರೆ, ನೀ ಇಲ್ಲಿ ಬಸ್ಸಿಗೆ ಕಾಯ್ತಿದ್ಯಾ?"