ಖಾಲಿ ಅಂಬಾರಿ

ಕಳೆದ ವಾರ ಶಾಸನಗಳ ಅಚ್ಚುಪ್ರತಿಗಳನ್ನು ಬಿಸಿಲಿಗೆ ಹರಡುವಾಗ ಪೆಟ್ಟಿಗೆಯ ತಳದಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಮಣ್ಣಿನ ಆನೆಯೊಂದು ಸಿಕ್ಕಿತು. ಸೊಂಡಿಲ ತುದಿ ಮುರಿದಿದೆ. ಬೆನ್ನ ಮೇಲಿನ ಅಂಬಾರಿ ಖಾಲಿ. ಮೂಗಿನ ಬಳಿ ಹಿಡಿದರೆ ಭೀಮಾ ಹೊಳೆಯ ಕೆಸರಿನ ವಾಸನೆ ಇನ್ನೂ ಇದೆಯೆನಿಸಿತು... ಇರಲಾರದು. ಸುಟ್ಟ ಮಣ್ಣಿನಲ್ಲಿ ಅಷ್ಟು ಕಾಲ ವಾಸನೆ ಉಳಿಯುವುದಿಲ್ಲ.

ಅದು ಅಫಜಲಪುರದಲ್ಲಿ ನನ್ನ ನೆರೆಯವರಾಗಿದ್ದ ಇತಿಹಾಸದ ಮಾಸ್ತರರದು. ಶಾಸನ ಹುಡುಕುತ್ತ ಆಳಂದ, ಅಫಜಲಪುರ ತಾಲ್ಲೂಕುಗಳನ್ನು ಸುತ್ತುತ್ತಿದ್ದ ನಾನು 1981ರಲ್ಲಿ (82 ಅಲ್ಲ, ಪರಿಶೀಲಿಸಿದ್ದೇನೆ) ಅವರ ಪಕ್ಕದ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಅವರ ಪಡಸಾಲೆಯ ಮೇಜಿನ ಮೇಲೆ ಹದಿನೇಳನೆಯ ಶತಮಾನದ ಯುದ್ಧವೊಂದು ಸದಾ ಹರಡಿರುತ್ತಿತ್ತು: ದೆಹಲಿಯ ಸಿಂಹಾಸನಕ್ಕಾಗಿ ಒಡಹುಟ್ಟಿದವರೇ ಕಾದಾಡಿದ ಸಾಮೂಗಢದ ಕದನ. ಮಾಸ್ತರರೂ ಅವರ ತಮ್ಮನೂ ಹುಡುಗರಾಗಿದ್ದಾಗ ಘತ್ತರಗಿಯ ಹೊಳೆದಂಡೆಯ ಮಣ್ಣಿನಿಂದ ಮಾಡಿ ಸುಟ್ಟ ಸೈನಿಕರು ಅವು. ಕವಡೆ ಹಾಕಿ, ನೂಲಿನಿಂದ ದೂರ ಅಳೆದು ದಂಡು ನಡೆಸಬೇಕು. ಅಣ್ಣನದು ಹಿರಿಯ ರಾಜಕುಮಾರನ ಪಕ್ಷ, ತಮ್ಮನದು ಕಿರಿಯವನದು.

ಮನೆ ಪಾಲಾದಾಗ ಮುನಿಸಿಕೊಂಡು ಜೇವರ್ಗಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ತಮ್ಮನವರು ಅಣ್ಣನ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ. ಆಟವನ್ನು ಮಾತ್ರ ಬಿಟ್ಟಿರಲಿಲ್ಲ. ಭಾನುವಾರದ ಬಸ್ಸಿಗೆ ಕುಡಿಯುವ ನೀರನ್ನೂ ತಾವೇ ತಂದು, ಆಡಿ, ಸಂಜೆಗೆ ಮರಳುತ್ತಿದ್ದರು. ಉಳಿದ ಕದನ ಮುಂದಿನ ಭಾನುವಾರಕ್ಕೆ. ಅದು ಮುಗಿಯದಂತೆ ಮಾಸ್ತರರೇ ಆಡುತ್ತಿದ್ದರೆಂಬುದು ನನಗೆ ತಡವಾಗಿ ತಿಳಿಯಿತು.

ಆ ಕದನದಲ್ಲಿ ಹಿರಿಯ ರಾಜಕುಮಾರ ಆನೆಯಿಂದಿಳಿದು ಕುದುರೆಯೇರಿದ. ಖಾಲಿ ಅಂಬಾರಿ ಕಂಡ ಸೈನ್ಯ ಒಡೆಯ ಸತ್ತನೆಂದು ಚದುರಿತು. ಆಟದಲ್ಲಿಯೂ ಅದೇ ನಿಯಮ: ಅಂಬಾರಿ ಖಾಲಿಯಾದರೆ ಸೋಲು. ಬಾಲ್ಯದ ಇನ್ನೊಂದು ಕಟ್ಟಳೆಯೂ ಇತ್ತು: ಸೋತವನು ಗೆದ್ದವನಿಗೆ ಕೈಯಾರೆ ಉಣಬಡಿಸಬೇಕು, ಗೆದ್ದವನು ಒಲ್ಲೆನೆನ್ನಬಾರದು.

1983ರ ಶ್ರಾವಣದ ಒಂದು ಭಾನುವಾರ ಮಾಸ್ತರರು ಬೆಳಿಗ್ಗೆಯೇ ಅಡುಗೆಗೆ ನಿಂತಿದ್ದರು. ಮಧ್ಯಾಹ್ನ ಆಟದ ನಡುವೆ, ರಾಜಕುಮಾರನನ್ನು ಎರಡು ಬೆರಳಿನಿಂದ ಎತ್ತಿ ಕುದುರೆಯ ಮೇಲಿಟ್ಟರು.

"ಅಣ್ಣಾ, ಇಳಸಬ್ಯಾಡ. ದಂಡ ಓಡ್ತದ," ಎಂದರು ತಮ್ಮ.

"ಓಡ್ಲಿ ಬಿಡೋ. ಎಷ್ಟಂತ ಆನಿ ಮ್ಯಾಲ ಕುಂದ್ರೂದು, ಕಾಲು ಜೋಮು ಹಿಡದಾವ."

"ವರ್ಷಾ ವರ್ಷಾ ಸಾಲಿ ಹುಡುಗರಿಗಿ ಇದೇ ಪಾಠ ಹೇಳ್ತಿ. ನಿನಗ ಗೊತ್ತಿಲ್ಲೇನು?"

"ಗೊತ್ತದ. ನೀ ಗೆದ್ದಿ. ಕೈ ತೊಳಕೋ, ರೊಟ್ಟಿ ಬಿಸಿ ಅವ."

ತಮ್ಮ ಮೇಜು ಬಿಟ್ಟು ಎದ್ದರು. "ಬೇಕಂತ ಸೋತು ಉಣ್ಣಸ್ತೀ ಏನು? ಖೈರಾತಿ ಭಿಕ್ಷಾ ಹಾಕಾಕತ್ತಿ ನನಗ." ನೀರಿನ ಬಾಟಲಿ ಎತ್ತಿಕೊಂಡು ಹೊರಟುಹೋದರು. ಕದನ ಮುಗಿದಿತ್ತು; ಮರಳಿ ಬರಲು ನೆಪವೂ ಉಳಿಯಲಿಲ್ಲ.

ಆ ಊಟವನ್ನು ಮಾಸ್ತರರು ನನಗೆ ಬಡಿಸಿದರು. "ಉಣ್ರಿ ಸರ, ನೀವರ ಗೆದ್ದೀರಿ ಅಂತ ತಿಳಕೊಳ್ರಿ," ಎಂದು ನಕ್ಕರು. ಮುಂದಿನ ಭಾನುವಾರ ರಾಜಕುಮಾರನನ್ನು ಮತ್ತೆ ಅಂಬಾರಿಯಲ್ಲಿ ಕೂರಿಸಿ, ದಂಡನ್ನು ಮೊದಲಿನಂತೆ ಜೋಡಿಸಿ, ಬಾಗಿಲು ತೆರೆದಿಟ್ಟು ಕೂತರು. ಅದರ ಮರು ಭಾನುವಾರವೂ... ಆಮೇಲೆಯೂ...

ತಮ್ಮನವರು ಆ ಮನೆಗೆ ಮತ್ತೆ ಬಂದದ್ದು ಅಣ್ಣನನ್ನು ಮಣ್ಣು ಮಾಡಿದ ದಿನ. ಪಡಸಾಲೆಯಲ್ಲಿ ನಿಂತು ನನ್ನನ್ನು ಕೇಳಿದ್ದು ಒಂದೇ ಮಾತು: "ಅವತ್ತ ಅಡಗಿ ಏನ್ ಮಾಡಿದ್ದನ್ರಿ?"

"ಬದನೆಯ ಎಣ್ಣೆಗಾಯಿ," ಎಂದೆ.

ಅವರು ತಲೆಯಾಡಿಸಿದರು. ಅಂಬಾರಿಯಲ್ಲಿದ್ದ ರಾಜಕುಮಾರನನ್ನು ಎತ್ತಿ ಜೇಬಿಗೆ ಹಾಕಿಕೊಂಡು, ಆನೆಯನ್ನು ನನ್ನ ಕೈಗಿಟ್ಟರು.

ಸಾಮೂಗಢದ ಕದನ ನಡೆದದ್ದು 1658ರ ಮೇ 29 ಎಂದು ಕೆಲವರು, ಜೂನ್ 8 ಎಂದು ಕೆಲವರು ಬರೆಯುತ್ತಾರೆ. ಪಂಚಾಂಗ ಬೇರೆ, ದಿನ ಒಂದೇ. ಅಷ್ಟನ್ನು ನಾನು ರುಜುಪಡಿಸಬಲ್ಲೆ. ಆ ಭಾನುವಾರ ಶ್ರಾವಣದ ಮೊದಲನೆಯದೋ ಎರಡನೆಯದೋ ಎಂದು ಕೇಳಲು ಈಗ ಅಣ್ಣತಮ್ಮಂದಿರಿಬ್ಬರೂ ಇಲ್ಲ. ಆನೆಯನ್ನು ನನ್ನ ಮೇಜಿನ ಮೇಲಿಟ್ಟಿದ್ದೇನೆ. ಅದರ ಅಂಬಾರಿ ಖಾಲಿಯಿದೆಯೆಂದು ಕಂಡು ಓಡಿಹೋಗಲು ದಂಡೂ ಉಳಿದಿಲ್ಲ.