ಹೊಲಿಗೆಯಕ್ಕನ ಹೆಬ್ಬಾತು

ಬೀದಿಯ ಕೊನೆಯಲ್ಲಿರುವ ಹೊಲಿಗೆಯಕ್ಕ ಸಾಕಿಕೊಂಡಿರುವುದು ನಾಯಿಯನ್ನಲ್ಲ, ಬೆಕ್ಕನ್ನಲ್ಲ, ಸೊಂಟದೆತ್ತರದ ಒಂದು ಹೆಬ್ಬಾತನ್ನು. ಅದು ಕತ್ತು ಚಾಚಿ ಬುಸ್ಸೆಂದರೆ ಎಂಥ ಜಬರ್ದಸ್ತಿನ ಗಿರಾಕಿಯೂ ಬಟ್ಟೆಯ ಗಂಟನ್ನು ಹೊಸಿಲಲ್ಲೇ ಬಿಟ್ಟು ಓಟ ಕೀಳುತ್ತಾನೆ. ಮಷೀನಿನ ಪಕ್ಕದ ಹಳೇ ಟಬ್ಬೇ ಅದರ ಕೆರೆ, ಕತ್ತರಿಸಿ ಉಳಿದ ಚಿಂದಿಗಳೇ ಹಾಸಿಗೆ. "ಒಂದು ಒಳ್ಳೆ ನಾಯಿ ಸಾಕಬಾರದೇನೇ?" ಎಂದು ಎದುರುಮನೆಯ ಅಜ್ಜಿ ಕೇಳಿದರೆ, "ಬಾಲ ಅಲ್ಲಾಡಿಸೋರನ್ನ ಬೇಕಾದಷ್ಟು ನೋಡಿದ್ದೀನಿ ಅಜ್ಜಿ" ಎಂದು ಹಲ್ಲಿನಿಂದ ದಾರ ಕಡಿಯುತ್ತಾಳೆ. "ಅದಿರಬೇಕು, ಇಲ್ಲ ನೀನಿರಬೇಕು" ಎಂದು ಮನೆ ಮಾಲೀಕ ಗುಡುಗಿದಾಗ, "ಇಬ್ರೂ ಇರ್ತೀವಿ. ಬೇಕಾದ್ರೆ ಒಳಗೆ ಬಂದು ಅದಕ್ಕೇ ಹೇಳಿ" ಎಂದಳು, ಆತ ಗೇಟಿನಿಂದಲೇ ವಾಪಸಾದ. ಬೀದಿಯೆಲ್ಲ ನಗುತ್ತದೆ, ಅವಳಿಗೆ ಅದರ ಗೊಡವೆಯಿಲ್ಲ. ಹೊಡೆಯುತ್ತಿದ್ದ ಗಂಡನನ್ನು ಬಿಟ್ಟು ತವರಿಗೆ ಬಂದಿದ್ದ ಅವಳನ್ನು ಕರೆದೊಯ್ಯಲು ಹಿಂದೊಮ್ಮೆ ಅವನೇ ಬಂದಿದ್ದ. ಅಣ್ಣ ಕುರ್ಚಿ ಹಾಕಿದ, ಅತ್ತಿಗೆ ಕಾಫಿ ತಂದಳು, ಅಮ್ಮ "ಹೊಂದಿಕೊಂಡು ಹೋಗು ಮಗಳೇ" ಎನ್ನುತ್ತ ಅವಳ ಬ್ಯಾಗು ತುಂಬಿದಳು. ಗಂಡ ಅವಳ ರಟ್ಟೆ ಹಿಡಿದೆಳೆದದ್ದೇ ತಡ, ಅಣ್ಣ ಮಾರಲೆಂದು ಅಂಗಳದಲ್ಲಿ ಸಾಕಿದ್ದ ಈ ಹೆಬ್ಬಾತು ರೆಕ್ಕೆ ಬಿಚ್ಚಿ ನುಗ್ಗಿ, ಅವನನ್ನು ರಸ್ತೆಯವರೆಗೂ ಅಟ್ಟಿಸಿಕೊಂಡು ಹೋಯಿತು. ಅಮ್ಮ ತುಂಬಿಟ್ಟ ಬ್ಯಾಗನ್ನು ಹೆಗಲಿಗೇರಿಸಿ, ಹೆಬ್ಬಾತನ್ನು ಕಂಕುಳಲ್ಲಿ ಇರುಕಿಕೊಂಡು ಅವಳು ಮನೆಬಿಟ್ಟು ಹೊರಟಳು. "ಏಯ್, ಅದು ನಂದು ಕಣೇ!" ಎಂದು ಅಣ್ಣ ಕೂಗಿದ. ಅವಳು ತಿರುಗಿ ನಿಂತಳು. "ನೀನೂ ನನ್ನವನೇ ಆಗಿದ್ದೆ ಕಣೋ ಅಣ್ಣ. ಎದ್ದು ಬಂದಿದ್ದು ಮಾತ್ರ ಇದು."