ಏಳೂವರೆ ಬಸ್ಸಿನ ಸಂತೆ

ಅರಕಲಗೂಡಿನಿಂದ ಹೊರಟು ಹೊಳೆನರಸೀಪುರದ ಮೇಲೆ ಚನ್ನರಾಯಪಟ್ಟಣಕ್ಕೆ ಹೋಗುವ ಖಾಸಗಿ ಬಸ್ಸೊಂದಿತ್ತು. ನಮ್ಮೂರು ಹೊಳೆನರಸೀಪುರಕ್ಕೆ ಬರುವುದು ಬೆಳಿಗ್ಗೆ ಏಳೂವರೆಗೆ. ಚನ್ನರಾಯಪಟ್ಟಣದಲ್ಲಿ ಮೇಷ್ಟ್ರಾಗಿದ್ದ ನಾನು ಹನ್ನೊಂದು ವರ್ಷ ಅದರಲ್ಲೇ ಓಡಾಡಿದೆ. ಅದರ ಕಂಡಕ್ಟರ್ ಪುಟ್ಟರಾಜು. ಮೈ ಕಡ್ಡಿಯಂತೆ, ಗಂಟಲು ಮಾತ್ರ ತಮಟೆಯಂತೆ. ಹಾರ್ನ್ ಕೆಟ್ಟ ದಿನ ಡ್ರೈವರ್ ಸಣ್ಣಯ್ಯ, "ಪುಟ್ರಾಜು, ವಸಿ ಕೂಗ್ಲಾ" ಅನ್ನುವನು. ಇವನು ಫುಟ್‌ಬೋರ್ಡಿನಲ್ಲಿ ಜೋತುಬಿದ್ದು ಒಂದು ಸಲ ಕೂಗಿದರೆ ಮುಂದಿನ ಎತ್ತಿನಗಾಡಿ ತಾನಾಗಿ ಪಕ್ಕಕ್ಕೆ ಸರಿಯುತ್ತಿತ್ತು.

ತೊಂಬತ್ತಾರರ ಶ್ರಾವಣದಲ್ಲಿ ಒಂದು ದಿನ ಬಸ್ಸು ನಡುದಾರಿಯಲ್ಲಿ, ಹುಣಸೆಮರದ ಕೆಳಗೆ ಕೆಟ್ಟು ನಿಂತಿತು. ಮೆಕ್ಯಾನಿಕ್ ಬರುವುದಕ್ಕೆ ಎರಡು ಗಂಟೆ. ಬಸ್ಸಿನಲ್ಲಿ ಪಟ್ಟಣದ ತರಕಾರಿ ಮಂಡಿಗೆ ಹೊರಟಿದ್ದ ಏಳೆಂಟು ಹಳ್ಳಿ ಹೆಂಗಸರಿದ್ದರು. ಅವರಲ್ಲಿ ಹಿರಿಯಳಾದ ಮಾಯಮ್ಮ ಬಾಡುತ್ತಿದ್ದ ಸೊಪ್ಪನ್ನು ನೋಡಿ, "ಒತ್ತು ಮೀರುದ್ರೆ ಮಂಡಿಯೋರು ಮೂಸೂ ನೋಡಕಿಲ್ಲ ಕಣಪ್ಪ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

ಪುಟ್ಟರಾಜುವಿಗೆ ಏನು ತೋಚಿತೋ! ಒಂದು ಕೈಯಲ್ಲಿ ದಂಟಿನ ಕಂತೆ ಹಿಡಿದು ಬಸ್ಸಿನ ಏಣಿ ಹತ್ತಿದ. "ದಂಟೂ! ಕೋಳಿ ಕೂಗೋಕ್ ಮುಂಚೆ ಕಿತ್ತಿರೋ ದಂಟು! ಬನ್ನಿ ಮೇಷ್ಟ್ರೆ, ನಿಮ್ ಪಾಠಕ್ಕಿಂತ ಎಳೇದೈತೆ!"

ಎಲ್ಲರೂ ನಕ್ಕರು. ನಕ್ಕವರು ಕೊಂಡೇ ತೀರಬೇಕಾಯಿತು. ಅರ್ಧ ಗಂಟೆಯಲ್ಲಿ ಕುಕ್ಕೆಗಳೆಲ್ಲ ಖಾಲಿ. ನಾನು ಅವತ್ತು ಕಂಕುಳಲ್ಲಿ ಸೋರೆಕಾಯಿ ಇಟ್ಟುಕೊಂಡು ಶಾಲೆಯ ಗೇಟು ದಾಟಿದೆ. "ಏನ್ರೀ ಮುರಳೀಕೃಷ್ಣ, ಇದೇನು ಶಾಲೆಯೋ ಸಂತೆಯೋ?" ಎಂದು ಹೆಡ್‌ಮಾಸ್ಟರು ಗುಡುಗಿದರು. ಮಧ್ಯಾಹ್ನ ಮೆಲ್ಲಗೆ ಪಕ್ಕಕ್ಕೆ ಕರೆದು, "ನಾಳೆ ನನಗೂ ಒಂದು ತನ್ನಿ" ಎಂದರು.

ಮರುದಿನ ಬಸ್ಸು ಹತ್ತಿದವರೆಲ್ಲ ಕೇಳಿದ್ದು ಒಂದೇ ಮಾತು: "ಪುಟ್ಟರಾಜು, ಇವತ್ತೂ ಕೆಡುತ್ತೇನಪ್ಪಾ?"

ಕೆಡದಿದ್ದರೂ ಸಂತೆ ಶುರುವಾಗಿಹೋಯಿತು. ಓಡುವ ಬಸ್ಸಿನಲ್ಲೇ ಹೀರೇಕಾಯಿ ಸೀಟಿನಿಂದ ಸೀಟಿಗೆ ಕೈ ದಾಟುತ್ತಿತ್ತು. ತಿರುವು ಬಂದಾಗ ಟೊಮೆಟೊ ಉರುಳಿ ಡ್ರೈವರನ ಕಾಲಬುಡ ಸೇರುತ್ತಿತ್ತು. ಸಣ್ಣಯ್ಯ ಬ್ರೇಕು ಒತ್ತುವ ಮೊದಲು ಬಗ್ಗಿ ನೋಡುವುದನ್ನು ಕಲಿತ.

ಹೀಗೆ ಒಂದು ವರ್ಷ ನಡೆದ ಮೇಲೆ, ತಾಲ್ಲೂಕು ಕಚೇರಿಯ ಗುಮಾಸ್ತೆ ಮೈತ್ರೇಯಿ ಒಂದು ದಿನ ಹೂಕೋಸು ಮೂಸಿ ನೋಡಿ, "ಮಾಯಮ್ಮ, ಇದೇನು ಔಷಧಿ ವಾಸನೆ? ನಿಮ್ಮನೇಲೂ ಇದನ್ನೇ ತಿಂತೀರಾ?" ಎಂದಳು.

"ಅಯ್ ಬುಡಿ ಅಮ್ಮಾರೆ, ನಮ್ಗೆ ಇತ್ಲಲ್ಲಿ ಬೇರೆ ತರ್ಕಾರಿ ಮಡಿ ಐತೆ. ನಮ್ ಐಕ್ಳು ತಿನ್ನೋದ್ಕೆ ಯಾರಾರಾ ಔಸ್ದಿ ಒಡೀತಾರಾ?"

ಹೇಳಿದ ಮೇಲೆ ಮಾಯಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡಳು.

"ಹಾಗಾದ್ರೆ ನಮ್ಮ ಮಕ್ಕಳು ಏನು ಪಾಪ ಮಾಡಿದ್ವು?" ಎಂದಳು ಮೈತ್ರೇಯಿ.

ಪಟ್ಟಣದಲ್ಲಿ ಇಳಿಯುವಾಗ ಮಾಯಮ್ಮ ಹೇಳಿದಳು: "ನಿಮ್ ಮಕ್ಳು ಮೊಕ ನಾನ್ ಯಾವತ್ ಕಂಡಿದ್ದೆ ಅಮ್ಮಾರೆ? ಮಂಡಿಗ್ ಆಕುದ್ರೆ ಯಾರ್ ತಿಂತಾರೋ ಯಾರಿಗ್ಗೊತ್ತು."

ಆ ಶನಿವಾರ ಮೈತ್ರೇಯಿ ಐದು ವರ್ಷದ ಮಗಳು ಶ್ರೀಗೌರಿಯನ್ನು ಬಸ್ಸಿಗೆ ಕರೆತಂದು ಮಾಯಮ್ಮನ ತೊಡೆಯ ಮೇಲೆ ಕೂರಿಸಿದಳು. "ನೋಡ್ಕೊಳ್ಳಿ. ಇವಳೇ ತಿನ್ನೋದು." ಮಾಯಮ್ಮ ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಸೋಮವಾರ ಅವಳ ಕುಕ್ಕೆಯಲ್ಲಿ ಇದ್ದದ್ದು ಹಿತ್ತಲ ಮಡಿಯ ಹಾಗಲಕಾಯಿ, ಹುಳಿಸೊಪ್ಪು, ಹುಳು ಕಚ್ಚಿದ ನಾಲ್ಕು ಬದನೆ.

ಪುಟ್ಟರಾಜು ಅವತ್ತೇ ಕಾನೂನು ಹೊರಡಿಸಿದ. "ನನ್ ಬಸ್ಸಲ್ಲಿ ಮಾರೋರು ಮೊದ್ಲು ಒಂದ್ ಕಚ್ಚು ಕಚ್ಚಿ ತೋರುಸ್ಬೇಕು!"

ಮೊದಲ ಸರದಿ ಮಾಯಮ್ಮನದೇ, ಅದೂ ಹಸಿ ಹಾಗಲಕಾಯಿ! ಅವಳ ಮುಖ ಹಿಂಡಿದ ಬಟ್ಟೆಯಂತಾಯಿತು. ಆದರೂ ನುಂಗಿದಳು. ಬಸ್ಸೆಲ್ಲ ಚಪ್ಪಾಳೆ. ಹಾಗಲಕಾಯಿ ಎಂದರೆ ಮಾರು ದೂರ ಓಡುವ ನಾನೂ ಅರ್ಧ ಕೆಜಿ ಕೊಂಡೆ.

ಆಮೇಲೆ ಹಳ್ಳಿಗಳಲ್ಲಿ ಹಿತ್ತಲ ಮಡಿಗಳು ಹಿಗ್ಗಿದವು, ಹೊಲಕ್ಕೂ ಇಳಿದವು. ಔಷಧಿಯ ಬದಲು ಬೂದಿ, ಸಗಣಿ ಗೊಬ್ಬರ, ಹುಳಿ ಮಜ್ಜಿಗೆ. ಯಾರಿಗೆ ಯಾವಾಗ ಏನು ಬೇಕೆಂದು ಮೈತ್ರೇಯಿ ಬರೆದು ಕೊಡುವಳು, ಹಾಗೇ ಅವರು ಬಿತ್ತುವರು. ನಾವು ಕುಂಬಳದ ಬೀಜ ಒಣಗಿಸಿ ತಂದು ಹಿಂದಕ್ಕೆ ಕೊಡುತ್ತಿದ್ದೆವು. ಮೂರು ವರ್ಷದಲ್ಲಿ ಹೀಗೆ ಬೆಳೆಯುವ ನಲವತ್ತು ಮನೆ ಸೇರಿದವು.

ಆಗ ಬಂದ ಬೈರಯ್ಯ, ಪುಟ್ಟರಾಜುವಿನ ಸ್ವಂತ ಅಣ್ಣ. ಕುಕ್ಕೆ ತುಂಬ ಬೆಳ್ಳಗೆ ಹೊಳೆಯುವ ಹೂಕೋಸು.

"ಅಣ್ಣಯ್ಯ, ಒಂದ್ ಕಚ್ಚು ಕಚ್ಚು."

"ಒಡುಟ್ಟಿದ ಅಣ್ಣನ್ನೇ ಪರೀಕ್ಸೆ ಮಾಡ್ತೀಯೇನ್ಲಾ?"

"ಎಲ್ರಿಗೂ ಒಂದೇ ಕಣಣ್ಣಯ್ಯ."

ಬೈರಯ್ಯ ಹೂಕೋಸನ್ನು ತುಟಿಯ ತನಕ ಒಯ್ದ. ನಿಂತ. ಕೆಳಗಿಳಿಸಿದ. ಹಿಂದಿನ ಸಂಜೆಯಷ್ಟೇ ಔಷಧಿ ಹೊಡೆದಿದ್ದನಂತೆ. ಮುಂದಿನ ಸ್ಟಾಪಿನಲ್ಲಿ ಕುಕ್ಕೆ ಹೊತ್ತು ಇಳಿದುಹೋದ. ಅಣ್ಣತಮ್ಮಂದಿರು ಒಂಬತ್ತು ತಿಂಗಳು ಮಾತು ಬಿಟ್ಟರು.

ಹತ್ತನೆಯ ತಿಂಗಳು ಒಂದು ಬೆಳಿಗ್ಗೆ ಬೈರಯ್ಯ ಮತ್ತೆ ಹತ್ತಿದ. ಯಾರೂ ಕೇಳುವ ಮೊದಲೇ ಕುಕ್ಕೆಯಿಂದ ನವಿಲುಕೋಸೊಂದನ್ನು ಎತ್ತಿ, ಎಲೆಯ ಸಮೇತ ಕಟುಂ ಎಂದು ಕಚ್ಚಿದ. ಬಾಯಿ ತುಂಬಿ ಟಿಕೆಟಿಗೆ ಊರ ಹೆಸರು ಹೇಳಲಾಗದೆ ಕೈಸನ್ನೆ ಮಾಡಿದ. ಪುಟ್ಟರಾಜು ಅಣ್ಣನನ್ನು ತಬ್ಬಿಕೊಂಡು, ಸೀಟಿ ಊದುವುದನ್ನೇ ಮರೆತ. ಸಣ್ಣಯ್ಯ ಎಂಜಿನ್ ಆರಿಸಿ, "ಇಬ್ರೂ ಮುಗುಸ್ಕಳ್ರಪ್ಪ, ಕಾಯ್ತೀನಿ" ಎಂದ.

ಎರಡು ಸಾವಿರದ ನಾಲ್ಕರಲ್ಲಿ ಮಾಲೀಕರು ಬಸ್ಸು ಮಾರಿದರು. ಸಂತೆ ನಿಲ್ಲಲಿಲ್ಲ. ಹೊಳೆನರಸೀಪುರದಲ್ಲಿ ಒಬ್ಬರು ಬಿಟ್ಟುಕೊಟ್ಟ ಖಾಲಿ ಸೈಟಿನಲ್ಲಿ ವಾರಕ್ಕೆರಡು ದಿನ ಕೂಡತೊಡಗಿತು. ಹಾಸನದಿಂದಲೂ ಜನ ಬಂದರು. ಪುಟ್ಟರಾಜು ಕಂಡಕ್ಟರ್ ಕೆಲಸ ಬಿಟ್ಟು ಅದನ್ನೇ ನೋಡಿಕೊಂಡ.

ಎರಡು ಸಾವಿರದ ಏಳರ ಮಾಘದಲ್ಲಿ ಅವನ ಮಗಳು ತೇಜಶ್ರೀಯ ಮದುವೆ. ಬಸ್ಸಿನವರನ್ನೆಲ್ಲ ಕರೆದಿದ್ದ. ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಎಲ್ಲರೂ ತರಕಾರಿಯನ್ನೇ ಉಡುಗೊರೆಯಾಗಿ ಹೊತ್ತು ತಂದರು. ಛತ್ರದ ಅಡುಗೆಮನೆಯಲ್ಲಿ ಮೂವತ್ತೆರಡು ಕುಂಬಳಕಾಯಿ, ಹನ್ನೊಂದು ಮೂಟೆ ಅವರೆ! ಅಡುಗೆ ಭಟ್ಟರು ತಲೆಯ ಮೇಲೆ ಕೈ ಹೊತ್ತು, "ಇಷ್ಟನ್ನು ಸುಲಿಯೋರು ಯಾರ್ರೀ?" ಎಂದರು.

ಪುಟ್ಟರಾಜು ಜರಿ ಪೇಟದಲ್ಲೇ ಬೆಂಚು ಹತ್ತಿ ಕೂಗಿದ, "ಗಂಡಿನ ಕಡೆಯೋರು ಬರ್ಬೇಕು! ಎಣ್ಣಿನ ಕಡೆಯೋರೂ ಬರ್ಬೇಕು!"

ಚಪ್ಪರದ ಕೆಳಗೆ ಬೀಗರು, ಗುಮಾಸ್ತರು, ಮೇಷ್ಟ್ರುಗಳು ಚಾಪೆ ಹಾಸಿ ಕೂತು ಸುಲಿದರು, ನೆನೆಸಿಟ್ಟು ಸಂಜೆಗೆ ಕಾಳು ಹಿತುಕಿದರು. ಕಾಳು ಚಿಮ್ಮಿ ಚಿಮ್ಮಿ ಎದುರಿನವರ ಮೂಗಿಗೆ ಬಡಿಯುತ್ತಿತ್ತು. ಮದುಮಗನೂ ಪಂಚೆ ಎತ್ತಿ ಕಟ್ಟಿ ಬಂದು ಕೂತ. ಅವನು ಹಿತುಕಿದ ಮೊದಲ ಕಾಳೇ ಹಾರಿಹೋಗಿ ಮಾವನ ಬಾಯಿಗೆ ಬಿತ್ತು. ಪುಟ್ಟರಾಜು ಕೂಗು ನಿಲ್ಲಿಸಿ ಅದನ್ನು ಅಗಿದು ನುಂಗಿದ. ಮಾಯಮ್ಮ ನಕ್ಕೂ ನಕ್ಕೂ ಅವರೆಯ ರಾಶಿಯ ಮೇಲೆ ಹಾಗೇ ಒರಗಿಬಿಟ್ಟಳು.